ತಿರುಗಣೆಯೊಳಗಿನ ಕೂಸು

ಎಲ್ಲಕ್ಕೂ ಮೂಲ ಒಂದು ಹಾವುಮೀನು. ನದಿಯದ್ದಲ್ಲ, ನಮ್ಮ ತೊಲೆದೊದ ಮಠದ ಸನ್ಯಾಸಿನಿಯರು ಬಾದಾಮಿ ಅರೆದು, ಸಕ್ಕರೆ ಕೂಡಿಸಿ ಮಾಡುವ, ದುಂಡು ಡಬ್ಬಿಯಲ್ಲಿ ಸುರುಳಿ ಸುತ್ತಿ ಮಲಗುವ ಮಿಠಾಯಿ ಹಾವುಮೀನು. ಜನ ಅದನ್ನು ತಿನ್ನುವುದು ಕ್ರಿಸ್‌ಮಸ್ಸಿಗೆ. ದೋನ್ಯಾ ತೆಕ್ಲಾ ಅವರಿಗೆ ಮಾತ್ರ ಮೇ ತಿಂಗಳಲ್ಲಿ ಬೇಕೆನ್ನಿಸಿತು. ಅವರಿಗೆ ಬೇಕೆನ್ನಿಸಿದ್ದನ್ನು ತಂದುಕೊಡಲು ಎವರಿಸ್ತೊ ಎಂಬ ಅಳಿಯನೊಬ್ಬನಿದ್ದ.

ಎವರಿಸ್ತೊ ಮಾದ್ರಿದ್‌ನ ಕನ್ನಡಕದ ಅಂಗಡಿಯೊಂದರಲ್ಲಿ ಊರವರ ಕಣ್ಣು ಸರಿಮಾಡುವವನು. ಕುಳ್ಳ ಆಳು, ದಪ್ಪ ಮೀಸೆ, ತಲೆಯ ಮೇಲೆ ಔಷಧಕ್ಕೂ ಒಂದು ಕೂದಲಿಲ್ಲ. ಅಂದು ಸಂಜೆ ಐದಕ್ಕೆ ಸಿಯುದಾದ್ ರೆಯಾಲ್‌ನಲ್ಲಿ ಅವನ ನಾದಿನಿಯ ಮಗುವಿಗೆ ಜ್ಞಾನಸ್ನಾನ, ಆಗ ಮಗುವನ್ನು ಎತ್ತಿ ಹಿಡಿಯುವ ಜ್ಞಾನತಂದೆ ಎವರಿಸ್ತೊನೇ. ಮದುವೆಯಾದಂದಿನಿಂದ ಹೆಂಡತಿಯ ಕಡೆಯವರು ಅವನ ಕೈಗೆ ಒಂದು ತಟ್ಟೆ ಕೊಡುವಾಗಲೂ ಎರಡು ಸಲ ಯೋಚಿಸುತ್ತಿದ್ದರು. ಈಗ ಮಗುವನ್ನೇ ಕೊಡುತ್ತಾರೆ ಎಂದ ಮೇಲೆ ಅವನು ವಾರದಿಂದ ನಿದ್ದೆಯಲ್ಲೂ ತೋಳನ್ನು ಮಗು ಎತ್ತಿದ ಹಾಗೇ ಮಡಿಸಿಕೊಂಡು ಮಲಗುತ್ತಿದ್ದ.

ಆದರೆ ಅತ್ತೆ ಬೆಳಿಗ್ಗೆಯೇ ಫೋನಿನಲ್ಲಿ ಎಚ್ಚರಿಸಿದ್ದರು. ಹಾವುಮೀನು ಮರೆತರೆ, ಅಥವಾ ಚರ್ಚಿನ ಗಂಟೆ ಹೊಡೆಯುವುದರೊಳಗೆ ಬಾರದಿದ್ದರೆ, ತಮ್ಮ ಅಣ್ಣನ ಮಗ ಬೌದಿಲಿಯೊ ಜ್ಞಾನತಂದೆಯಾಗಲು ಸಿದ್ಧನಾಗಿಯೇ ಇದ್ದಾನೆ. ಅಂದು ಸಂತ ಬೌದಿಲಿಯೊನ ಹಬ್ಬ ಬೇರೆ. ಹೆಸರಿನ ಹಬ್ಬದ ದಿನ ಹೇಗೂ ಕೋಟು ಇಸ್ತ್ರಿ ಮಾಡಿಸಿದ್ದಾನೆ. ಈ ಬೌದಿಲಿಯೊ ಎತ್ತರದ ಆಳು, ತಲೆತುಂಬ ಕೂದಲು, ಎಲ್ಲಿಗೆ ಕರೆದರೂ ಕರೆದವರಿಗಿಂತ ಮೊದಲೇ ಹೋಗಿ ಕೂತಿರುವವನು. ಎವರಿಸ್ತೊನಿಗೆ ಅವನ ಹೆಸರು ಕೇಳಿದರೇ ಆಗುತ್ತಿರಲಿಲ್ಲ.

ಹೀಗೆ ಗಂಡಹೆಂಡಿರು ಮಾವನ ಹಳೆಯ ಬಿಳಿ ಕಾರಿನಲ್ಲಿ ಹೊರಟು ಮಧ್ಯಾಹ್ನಕ್ಕೆ ತೊಲೆದೊ ಸೇರಿದರು. ಕಾರನ್ನು ಕೋಟೆಯ ಹೊರಗೆ ನಿಲ್ಲಿಸಿ ನಡೆದು ಹೋಗೋಣವೆಂದು ಹೆಂಡತಿ ಕಸಿಲ್ದಾ ಹೇಳಿದಳು. ಅವನು ಕೇಳಲಿಲ್ಲ. ನಮ್ಮ ಓಣಿಗಳನ್ನು ಕಟ್ಟಿದವರು ಕತ್ತೆಯ ಅಳತೆ ಹಿಡಿದು ಕಟ್ಟಿದ್ದಾರೆ, ಅದೂ ಹೊರೆಯಿಲ್ಲದ ಕತ್ತೆ. ಎರಡೂ ಕಡೆಯ ಕನ್ನಡಿ ಮಡಚಿಕೊಂಡು, ಉಸಿರು ಬಿಗಿಹಿಡಿದು, ಅವನು ಕಾರನ್ನು ಮಠದ ಬಾಗಿಲವರೆಗೂ ತೂರಿಸಿದ. ಅಲ್ಲಿ ಓಣಿ ಒಂದು ಗೇಣು ಅಗಲವಾಗುತ್ತದೆ, ಬಾಗಿಲು ತೆಗೆದು ಇಳಿಯಬಹುದು ಅಷ್ಟೆ. ದೀಪ ಮಿಣುಕಿಸಿ, ರೇಡಿಯೊ ಹಾಡುತ್ತಿದ್ದ ಹಾಗೇ, ಇಬ್ಬರೂ ಇಳಿದರು.

“ಐದು ನಿಮಿಷ. ಹೋದೆ, ಬಂದೆ,” ಎಂದ ಎವರಿಸ್ತೊ.

“ನಿನ್ನ ಐದು ನಿಮಿಷ ನಂಗೆ ಗೊತ್ತು. ನಾನು ಊಟ ಮಾಡ್ತಿರ್ತೀನಿ,” ಎಂದು ಕಸಿಲ್ದಾ ಮೂಲೆಯಾಚೆಯ ಬಾರಿಗೆ ಹೋದಳು.

ಆ ಮಠದ ಸನ್ಯಾಸಿನಿಯರು ಹೊರಗಿನವರಿಗೆ ಮುಖ ತೋರಿಸುವುದಿಲ್ಲ. ಬಾಗಿಲೊಳಗಿನ ತಂಪು ಪಡಸಾಲೆಯಲ್ಲಿ, ಗೋಡೆಯೊಳಗೆ ಕೂರಿಸಿದ ಮರದ ತಿರುಗಣೆಯೊಂದಿದೆ, ನಿಂತ ಪೀಪಾಯಿಯಂತೆ, ಒಂದೇ ಪಕ್ಕಕ್ಕೆ ಬಾಯಿ. ನೀವು ದುಡ್ಡಿಟ್ಟು ತಳ್ಳಿದರೆ ಅದು ಒಳಕ್ಕೆ ತಿರುಗುತ್ತದೆ. ಮತ್ತೆ ತಿರುಗಿ ಬಂದಾಗ ಮಿಠಾಯಿ ಇರುತ್ತದೆ. ತಿರುಗಣೆಯ ಉಸ್ತುವಾರಿ ತಾಯಿ ಪೆರ್ಪೆತುವಾ ಅವರದು. ವಯಸ್ಸಾಗಿ ಅವರಿಗೆ ಕಣ್ಣು ಮಬ್ಬು, ಕಿವಿ ಅದಕ್ಕಿಂತ ಮಬ್ಬು.

ಎವರಿಸ್ತೊ ಪದ್ಧತಿಯಂತೆ “ನಿರ್ಮಲ ಮರಿಯಮ್ಮನಿಗೆ ನಮಸ್ಕಾರ” ಎಂದ. ಒಳಗಿನಿಂದ “ಪಾಪವಿಲ್ಲದೆ ಹುಟ್ಟಿದ ತಾಯಿಗೆ” ಎಂಬ ಉತ್ತರ ಬಂತು. ಹಾವುಮೀನು ಮೊದಲೇ ಹೇಳಿಟ್ಟದ್ದು. ಜೇಬಿನಲ್ಲಿದ್ದುದನ್ನೆಲ್ಲ ಹಿಡಿಯಾಗಿ ತೆಗೆದು ಹಲಗೆಯ ಮೇಲೆ ಸುರಿದ, ಝಣ್ ಎಂದಿತು. ತಿರುಗಣೆ ತಿರುಗಿತು, ದುಂಡು ಡಬ್ಬಿ ಬಂತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದು ಕಾರಿನ ಕೀಲಿಗೆ ಜೇಬು ಮುಟ್ಟಿದ. ಜೇಬು ಬರಿದು. ಇನ್ನೊಂದೂ ಬರಿದು. ಆಗ ಆ ಝಣ್ ಎಂಬ ಸದ್ದು ನೆನಪಾಯಿತು.

ಡಬ್ಬಿಯನ್ನು ಕಾರಿನ ಮೂತಿಯ ಮೇಲಿಟ್ಟು ಒಳಗೆ ಓಡಿದ.

“ತಾಯೀ, ಕೀಲಿ! ನನ್ನ ಕೀಲಿ ಕೊಡಿ!”

“ಎಷ್ಟು ಕಿಲೊ, ಮಗೂ?”

“ಕೀಲಿ, ತಾಯೀ, ಒಂದೇ ಕೀಲಿ!”

“ಒಂದೇ ಕಿಲೊ. ಅದಕ್ಕೆ ಯಾಕಪ್ಪಾ ಇಷ್ಟು ಕೂಗ್ತೀಯ?”

ತಿರುಗಣೆ ತಿರುಗಿತು. ಒಂದು ಕಿಲೊ ಮಿಠಾಯಿ ಬಂತು. ಅವನು ಮತ್ತೆ ಕೂಗಿದ, ಮತ್ತೊಂದು ಕಿಲೊ ಬಂತು. ಮೂರನೆಯ ಸಲ ಕೂಗುವುದರೊಳಗೆ ಒಳಗೆ ಗಂಟೆ ಬಾರಿಸಿತು. ದುಡ್ಡು ಆಮೇಲೆ ಕೊಡಬಹುದು, ಈಗ ಪ್ರಾರ್ಥನೆ, ಊಟ, ನಿದ್ದೆ, ನಾಲ್ಕು ಗಂಟೆಯ ಮೇಲೆ ಬಾ ಎಂದು ಹೇಳಿ ತಾಯಿ ಪೆರ್ಪೆತುವಾ ಎದ್ದು ಹೋದರು. ಸಿಯುದಾದ್ ರೆಯಾಲ್ ಇನ್ನೂ ಒಂದೂವರೆ ಗಂಟೆಯ ದಾರಿ; ನಾಲ್ಕರ ಮೇಲೆ ಹೊರಟರೆ ಜ್ಞಾನಸ್ನಾನಕ್ಕಲ್ಲ, ತಟ್ಟೆ ತೊಳೆಯುವುದಕ್ಕೆ ಸರಿಯಾಗಿ ತಲುಪಬಹುದಿತ್ತು.

ಹೊರಗೆ ಬಂದರೆ ಕಾರಿನ ಹಿಂದೆ ಅಡುಗೆ ಗ್ಯಾಸಿನ ಸಣ್ಣ ಗಾಡಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಅದರಲ್ಲಿ ಸಿಲಿಂಡರ್ ಹಂಚುವ ಮತಿಯಾಸ್. ಆ ಸದ್ದಿಗೆ ಎದುರು ಮನೆಯ ಮಹಡಿಯ ಕಟಕಟೆಯಲ್ಲಿ ದೋನ್ಯಾ ಬ್ರಿಹಿದಾ ಕಾಣಿಸಿಕೊಂಡರು. ಓಣಿಯಲ್ಲಿ ಬೆಕ್ಕು ಸೀನಿದರೂ ಅವರಿಗೆ ವರದಿಯಾಗಬೇಕು. ಪಕ್ಕದ ಬಾಗಿಲಿನಿಂದ ದೋನ್ ಹೆನಾರೊ ಬಂದರು. ಅವರು ಊರಿಗೆಲ್ಲ ಕಾರು ಕಲಿಸಿ ನಿವೃತ್ತರಾದ ಮೇಷ್ಟ್ರು. ಅವರ ಪ್ರಕಾರ ತೊಲೆದೊದಲ್ಲಿ ಆಗುವ ಅಪಘಾತಗಳೆಲ್ಲ ಅವರಲ್ಲಿ ಕಲಿಯದವರಿಂದ ಆಗುತ್ತವೆ.

ಎವರಿಸ್ತೊ ಕತೆ ಹೇಳಿದ. ಕಾರಿಗೆ ಬೀಗ ಬಿದ್ದಿದೆ, ಕೀಲಿ ಸನ್ಯಾಸಿನಿಯರ ಹತ್ತಿರ ಹೋಗಿದೆ ಎಂದ. ಮೂವರೂ ಒಟ್ಟಿಗೆ ಸಲಹೆ ಕೊಡತೊಡಗಿದರು. ಗಾಜು ಒಡೆಯೋಣ ಎಂದ ಮತಿಯಾಸ್. ಮಾವನ ಕಾರು ಎಂದು ಎವರಿಸ್ತೊ ಕೈಮುಗಿದ. ಹಿಂದಿನ ಚಕ್ರ ಎತ್ತಿ ಜರುಗಿಸಬಹುದು ಎಂದರು ದೋನ್ ಹೆನಾರೊ. ಗಂಡಸರು ಮೂವರೂ ಸೇರಿ ಎತ್ತಿದರು. ಕಾರು ಜರುಗಲಿಲ್ಲ, ಮತಿಯಾಸನ ಸೊಂಟ ಜರುಗಿತು. ಸಂತ ಕ್ಲಾರಾಳ ಮಠಕ್ಕೆ ಮೊಟ್ಟೆ ಕೊಟ್ಟರೆ ಮಳೆಯೇ ನಿಲ್ಲುತ್ತದೆ, ಕೀಲಿ ಯಾವ ಮಹಾ ಎಂದು ದೋನ್ಯಾ ಬ್ರಿಹಿದಾ ಬುಟ್ಟಿಯಲ್ಲಿ ಆರು ಮೊಟ್ಟೆ ಇಳಿಬಿಟ್ಟರು. ಈ ಮಠ ಸಂತ ಕ್ಲಾರಾಳದ್ದಲ್ಲವೆಂದು ದೋನ್ ಹೆನಾರೊ ನೆನಪಿಸಿದ ಮೇಲೆ ಬುಟ್ಟಿಯನ್ನು ಮೇಲಕ್ಕೆಳೆದುಕೊಂಡರು.

“ಮೊದಲು ಆ ರೇಡಿಯೊ ಆದ್ರೂ ಆರಿಸಪ್ಪಾ ಮಗನೇ, ತಲೆ ಸಿಡೀತಿದೆ,” ಎಂದರು ದೋನ್ಯಾ ಬ್ರಿಹಿದಾ.

“ಕೀಲಿ ಇಲ್ಲದೆ ಹ್ಯಾಗೆ ಆರಿಸ್ಲಿ?” ಎಂದ ಎವರಿಸ್ತೊ ಅಳುವ ದನಿಯಲ್ಲಿ.

ಅದೂ ನಿಜವೇ ಎಂದು ಎಲ್ಲರೂ ತಲೆಯಾಡಿಸಿದರು. ಕಾರಿನೊಳಗೆ ರೇಡಿಯೊ ಹಾಡುತ್ತಲೇ ಇತ್ತು. ಮತಿಯಾಸ್ ಸೊಂಟ ಹಿಡಿದುಕೊಂಡೇ ತಾಳ ಹಾಕುತ್ತಿದ್ದ.

ಅಷ್ಟರಲ್ಲಿ ಕಸಿಲ್ದಾಳ ಫೋನು ಬಂತು. ಮಿಠಾಯಿಗೆ ಉದ್ದ ಸಾಲು ಇದೆ ಎಂದು ಎವರಿಸ್ತೊ ಸುಳ್ಳು ಹೇಳಿದ. ಮೇ ತಿಂಗಳಲ್ಲೇ ಎಂದು ಅವಳು ಕೇಳಿದಳು. ಅವನು ಫೋನಿಟ್ಟ. ಕೀಲಿ ಕಳೆದ ಸುದ್ದಿ ಹೆಂಡತಿಗೆ ಹೋದರೆ ಅತ್ತೆಗೆ ಹೋದಂತೆ, ಅತ್ತೆಗೆ ಹೋದರೆ ಬೌದಿಲಿಯೊ ಕೋಟು ತೊಟ್ಟಂತೆ.

ದೋನ್ ಹೆನಾರೊಗೆ ಆಗ ಹೊಳೆಯಿತು. ತಿರುಗಣೆಗೆ ಬೀಗವಿಲ್ಲ. ಕೀಲಿ ಒಳಗಡೆಯ ಕಟ್ಟೆಯ ಮೇಲೇ ಬಿದ್ದಿರಬೇಕು. ಯಾರಾದರೂ ಕುಳ್ಳಗಿನವರು ತಿರುಗಣೆಯಲ್ಲಿ ಕೂತರೆ, ಹೊರಗಿನವರು ಅರ್ಧ ಸುತ್ತು ತಿರುಗಿಸಿದರೆ, ಕೈಚಾಚಿ ತೆಗೆದುಕೊಂಡು ಬರಬಹುದು. ಹೇಳಿ ಮುಗಿಸಿ ಎಲ್ಲರೂ ಎವರಿಸ್ತೊನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನೋಡಲು ಬಹಳ ಹೊತ್ತು ಹಿಡಿಯಲಿಲ್ಲ.

ಮೊಣಕಾಲನ್ನು ಗಲ್ಲಕ್ಕೆ ಒತ್ತಿಕೊಂಡು, ಮೊದಲು ಹಿಂಭಾಗ, ಆಮೇಲೆ ಉಳಿದದ್ದು ಎಂಬಂತೆ ಅವನು ಒಳಗೆ ತುರುಕಿಕೊಂಡ. ದೋನ್ ಹೆನಾರೊ ಕಾರು ಕಲಿಸುವ ಗತ್ತಿನಲ್ಲೇ ನಿಧಾನ, ನಿಧಾನ, ಈಗ ಬಲಕ್ಕೆ ಎನ್ನುತ್ತ ತಳ್ಳಿದರು. ತಿರುಗಣೆ ಕಾಲುಭಾಗ ತಿರುಗಿ ಗಕ್ಕನೆ ನಿಂತಿತು. ಈಗ ಬಾಯಿ ಹೊರಗೂ ಇಲ್ಲ, ಒಳಗೂ ಇಲ್ಲ, ಗೋಡೆಯ ಕಡೆಗಿತ್ತು; ಒಳಪಡಸಾಲೆಯ ಕಡೆಗೆ ಮಾತ್ರ ಕೈ ಹಿಡಿಸುವಷ್ಟು ಸಂದು. ಕತ್ತಲೆಯಲ್ಲಿ ಎವರಿಸ್ತೊ “ಅಯ್ಯೋ” ಎಂದ. ಉಸಿರಾಡಲು ಜಾಗವಿಲ್ಲದ್ದರಿಂದ ಅದು “ಙೇ” ಎಂದು ಹೊರಬಂತು.

ಈ ಸದ್ದನ್ನು, ಜಗತ್ತಿನ ಸದ್ದುಗಳಲ್ಲೆಲ್ಲ ಈ ಒಂದನ್ನೇ, ತಾಯಿ ಪೆರ್ಪೆತುವಾ ಕೇಳಿಸಿಕೊಂಡರು. ಹಳೆಯ ಕಾಲದಲ್ಲಿ ಸಾಕಲಾರದ ತಾಯಂದಿರು ಇಂಥ ತಿರುಗಣೆಯಲ್ಲೇ ಕೂಸನ್ನು ಇಟ್ಟು ಹೋಗುತ್ತಿದ್ದರೆಂದು ಅವರು ಚಿಕ್ಕಂದಿನಿಂದ ಕೇಳಿದ್ದರು. ಬಂದು ಸಂದಿನಲ್ಲಿ ಕೈ ತೂರಿಸಿ ತಡವಿದರು. ನುಣ್ಣನೆಯ, ಬೆಚ್ಚನೆಯ, ಒಂದು ಕೂದಲೂ ಇಲ್ಲದ ತಲೆ ಸಿಕ್ಕಿತು.

“ಸಿಸ್ಟರ್ ಲುಸೀನಾ, ಓಡಿ ಬಾ. ಯಾರೋ ಕೂಸು ಬಿಟ್ಟು ಹೋಗಿದಾರೆ. ಪಾಪ, ಏದುಸಿರು ಬಿಡ್ತಿದೆ. ನೀರು ತಾ.”

ಉಳಿಯುತ್ತದೋ ಇಲ್ಲವೋ ಎಂಬ ಕೂಸಿಗೆ ಪಾದ್ರಿಗಳಿಗೆ ಕಾಯದೆ ಯಾರು ಬೇಕಾದರೂ ಜ್ಞಾನಸ್ನಾನ ಮಾಡಿಸಬಹುದು. ಕಿರಿಯ ಸನ್ಯಾಸಿನಿ ಲುಸೀನಾ ನೀರು ತಂದು, ದೀಪ ಹಿಡಿದು ಸಂದಿನಲ್ಲಿ ಇಣುಕಿ, ಮೀಸೆ ಕಂಡು ಕಿರುಚಿದಳು.

“ಅಮ್ಮಾ, ಇದು ಗಂಡಸು! ಗಂಡಸು!”

“ಗಂಡೇ? ಸಂತೋಷ. ಇವತ್ತಿನ ಸಂತನ ಹೆಸರೇ ಇಡೋಣ,” ಎಂದು ತಾಯಿ ಪೆರ್ಪೆತುವಾ ತಣ್ಣೀರನ್ನು ಆ ಬೋಳುತಲೆಗೆ ಮೂರು ಸಲ ಸುರಿದರು. “ಬೌದಿಲಿಯೊ.”

ಬೇಡ, ಬೇರೆ ಯಾವುದಾದರೂ ಇಡಿ ಎಂದು ಎವರಿಸ್ತೊ ಒಳಗಿನಿಂದ ಗೋಗರೆದ. ಅದು ಅವರಿಗೆ ಕೇಳಿಸಲಿಲ್ಲ. ಹಸಿದಿದೆ, ಅದಕ್ಕೇ ಅಳುತ್ತಿದೆ ಎಂದುಕೊಂಡು ಅವರು ಅಡುಗೆಮನೆಗೆ ಹೋದರು.

ಲುಸೀನಾ ಒಳಗಿನಿಂದ ಒದ್ದು, ದೋನ್ ಹೆನಾರೊ ಹೊರಗಿನಿಂದ ಎಳೆದು, ಕೊನೆಗೆ ತಿರುಗಣೆ ಸಡಿಲಿತು. ಅವನು ಹೊರಗೆ ಉರುಳಿ ಬಿದ್ದ. ಗೋಡೆಯಾಚೆಯಿಂದ ಲುಸೀನಾ, ಕಟ್ಟೆಯ ಮೇಲೆಲ್ಲ ಹುಡುಕಿದೆ, ಚಿಲ್ಲರೆ ನಾಣ್ಯ ಬಿಟ್ಟರೆ ಏನೂ ಇಲ್ಲ, ಕೀಲಿ ಬಂದೇ ಇಲ್ಲ ಎಂದಳು.

ಎವರಿಸ್ತೊ ತೊಟ್ಟಿಕ್ಕುತ್ತ ಓಣಿಗೆ ಬಂದ. ಓಣಿ ಖಾಲಿಯಾಗಿತ್ತು. ಕಾರೂ ಇಲ್ಲ, ಗ್ಯಾಸಿನ ಗಾಡಿಯೂ ಇಲ್ಲ, ರೇಡಿಯೊ ಸದ್ದೂ ಇಲ್ಲ.

“ನಿನ್ನ ಹೆಂಡ್ತಿ ಬಂದಿದ್ಲು,” ಎಂದರು ದೋನ್ಯಾ ಬ್ರಿಹಿದಾ ಮೇಲಿನಿಂದ. “ನೀನು ಸನ್ಯಾಸಿನಿಯರ ಪಾಲಾದೆ ಅಂತ ನಾನಂದೆ. ಅವಳು ಕಾರಿನ ಬಾಗಿಲು ತೆಗೆದ್ಲು, ಕೂತ್ಲು, ಹೋದ್ಲು. ಕೀಲಿ ಅದರಲ್ಲೇ ನೇತಾಡ್ತಿತ್ತಂತೆ. ಅಲ್ಲ ಮಗನೇ, ನಾವು ಯಾರಾದ್ರೂ ಒಂದ್ಸಲ ಬಾಗಿಲು ಎಳೆದು ನೋಡಬಾರದಿತ್ತಾ?”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗ್ಯಾಸಿನವನ ಹಾರ್ನಿಗೆ ಹೆದರಿ ಕಾರು ಮುಂದಕ್ಕೆ ತೆಗೆದೆ, ಓಣಿಗಳೆಲ್ಲ ಒಮ್ಮುಖ, ಸೇತುವೆ ದಾಟುವವರೆಗೂ ಎಲ್ಲೂ ತಿರುಗಲು ಬಿಡಲಿಲ್ಲ ಎಂದಳು ಕಸಿಲ್ದಾ. ಅಷ್ಟರಲ್ಲಿ ಅಮ್ಮ ಏಳು ಸಲ ಫೋನು ಮಾಡಿದ್ದಳಂತೆ. ಹಾವುಮೀನಿನ ಡಬ್ಬಿ ಕಾರಿನ ಮೂತಿಯ ಮೇಲೇ ಸಿಕ್ಕಿತಂತೆ. ಹಿಂದಕ್ಕೆ ಬಂದರೆ ಡಬ್ಬಿಯೂ ತಡ, ಅವಳೂ ತಡ, ಆದ್ದರಿಂದ ಹೊರಟೇಬಿಟ್ಟಿದ್ದಾಳೆ; ಅವನು ಬಸ್ಸು ಹಿಡಿದು ಊಟಕ್ಕಾದರೂ ಬರಬಹುದು. ಬೇಕಾದದ್ದೆಲ್ಲ ಸಮಯಕ್ಕೆ ಸರಿಯಾಗಿ ಸಿಯುದಾದ್ ರೆಯಾಲ್ ತಲುಪುತ್ತಿತ್ತು, ಎವರಿಸ್ತೊ ಒಬ್ಬನ ಹೊರತು.

“ಹಾಗಾದ್ರೆ ಜ್ಞಾನತಂದೆ?” ಎಂದು ಅವನು ಕೇಳಿದ.

“ಬೇಜಾರು ಮಾಡ್ಕೋಬೇಡ. ಬೌದಿಲಿಯೊನೇ ಆಗಲಿ ಅಂದ್ಲು ಅಮ್ಮ. ಪಾದ್ರಿಗಳಿಗೂ ಅದೇ ಹೆಸರು ಹೇಳಿಯಾಯ್ತಂತೆ.”

ಎವರಿಸ್ತೊ ಮಠದ ಪಡಸಾಲೆಗೆ ವಾಪಸು ಬಂದು, ಒದ್ದೆ ಕೋಟಿನಲ್ಲೇ, ದುಡ್ಡು ಕೊಡದ ಎರಡು ಕಿಲೊ ಮಿಠಾಯಿಯ ಪಕ್ಕದಲ್ಲಿ ಕುಸಿದು ಕೂತ. ಆಗ ತಿರುಗಣೆ ಕಿರಗುಟ್ಟುತ್ತ ತಿರುಗಿತು. ಹಲಗೆಯ ಮೇಲೆ ಬೆಚ್ಚಗಿನ ಹಾಲಿನ ಲೋಟ, ಪಕ್ಕದಲ್ಲಿ ಒಂದು ಪುಟ್ಟ ಚಮಚ.

“ಬೌದಿಲಿಯೊ ಎಲ್ಲಿ?” ಎಂದರು ಗೋಡೆಯಾಚೆಯಿಂದ ತಾಯಿ ಪೆರ್ಪೆತುವಾ. “ಹಾಲು ಆರಿಹೋಗತ್ತೆ.”

ಬೆಳಗಿನಿಂದ ಎವರಿಸ್ತೊ ಏನೂ ತಿಂದಿರಲಿಲ್ಲ.

“ಇಲ್ಲೇ ಇದೀನಿ ತಾಯೀ,” ಎಂದು ಲೋಟ ಎತ್ತಿಕೊಂಡ.