ಬಿ.ಎಸ್ಸಿ. ಹಾಕಿದ ಗಂಟು

“ಇದು ಆಗೋ ಮಾತಲ್ಲ” ಎಂದು ಮೊದಲು ಹೇಳಿದವಳು ನಮ್ಮ ರಂಗತ್ತೆ.

ರಂಗತ್ತೆ ನಮ್ಮಪ್ಪನ ಅಕ್ಕ. ತಮಿಳು ಸೀಮೆಯ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವ, ಒಳಗೆ ಕನ್ನಡವನ್ನೇ ಆಡುವ ಮನೆ ನಮ್ಮದು. ಅವಳು ಆಗುವುದಿಲ್ಲ ಎಂದದ್ದು ಆಗಿಯೇ ತೀರುತ್ತದೆ ಎಂಬುದು ನನ್ನ ಅನುಭವ. “ಮಗ್ಗದ ಮನೆ ಹೆಣ್ಣು ಕಾಲೇಜು ಓದೋದು ಆಗೋ ಮಾತಲ್ಲ” ಎಂದಿದ್ದಳು. ನಾನು ಬೆಳಗ್ಗೆ ಎದ್ದು ಕಂಡಿಕೆಗೆ ನೂಲು ಸುತ್ತಿ, ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಓದಿ, ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದೆ. ನಮ್ಮ ವಂಶಕ್ಕೇ ಮೊದಲ ಡಿಗ್ರಿ! ಅಂದಿನಿಂದ ಮದುವೆ ಪತ್ರಿಕೆಯಿಂದ ಹಿಡಿದು ಟಿಫಿನ್ ಡಬ್ಬಿಯ ತಳದವರೆಗೆ ನನ್ನ ಹೆಸರು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬಿ.ಎಸ್ಸಿ. ಇದೆ. ಕಷ್ಟಪಟ್ಟು ಸಂಪಾದಿಸಿದ್ದು, ಸುಮ್ಮನೆ ಬಿಡಲಾಗುತ್ತದೆಯೇ?

ಈ ಸಲ ಅತ್ತೆಯ ಮಾತು ನನ್ನ ಮಗಳು ನಿಲಾಳ ಬಗ್ಗೆ. “ಆ ಮಗು ಸ್ಟೇಜ್ ಮೇಲೆ ಬಾಯಿ ಬಿಡೋದು ಆಗೋ ಮಾತಲ್ಲ ಸುಮತಿ. ಸುಮ್ಕೆ ಕಾಟ ಕೊಡ್ಬೇಡ.”

ನಿಲಾ ಎರಡನೇ ಕ್ಲಾಸು. ಪೆರಿಯನಾಯಕನಪಾಳ್ಯದ ನಮ್ಮ ಮನೆಯಲ್ಲಿ ಅವಳ ಬಾಯಿಗೆ ಬೀಗವಿಲ್ಲ. ಶಾಲೆಯಲ್ಲಿ ಬಾಯಿಯೇ ಇಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಾಳೆ, ಅಷ್ಟೆ. ಕಳೆದ ವರ್ಷದ ಛದ್ಮವೇಷ ಸ್ಪರ್ಧೆಯಲ್ಲಿ ಬೆಂಡೆಕಾಯಿ ವೇಷ ಹಾಕಿದ್ದೆವು. “ನಾನು ಬೆಂಡೆಕಾಯಿ” ಎಂದರೆ ಸಾಕಿತ್ತು. ಅದನ್ನೂ ಹೇಳದೆ ಇಳಿದು ಬಂದಳು. ಬೆಂಡೆಕಾಯಿ ಮಾತಾಡುವುದಿಲ್ಲವಲ್ಲ ಎಂದು ನನ್ನ ಗಂಡ ಸಮರ್ಥನೆ ಕೊಟ್ಟರು. ಮಗಳು ಮಾತ್ರ ಆ ರಾತ್ರಿ ಊಟ ಮಾಡಲಿಲ್ಲ.

ಈ ವರ್ಷ ಅವಳೇ ಬಂದು ಹೇಳಿದಳು: “ಅಮ್ಮ, ನಾನು ಮಾಯಾ ಹುಡುಗಿ ಆಗ್ತೀನಿ. ಆಮೇಲೆ ಮಾತಾಡ್ತೀನಿ.”

ಮಾಯಾ ಹುಡುಗಿ ಎಂದರೆ ಟಿ.ವಿ.ಯಲ್ಲಿ ತಮಿಳು ಮಾತಾಡುವ ಜಪಾನಿನ ಕಾರ್ಟೂನು. ಒಬ್ಬ ಸಾಧಾರಣ ಹುಡುಗಿ. ಹೋಂವರ್ಕ್ ಮರೆಯುತ್ತಾಳೆ, ಲೆಕ್ಕದಲ್ಲಿ ಫೇಲಾಗುತ್ತಾಳೆ. ರಾಕ್ಷಸ ಬಂದಾಗ ಕೋಲು ಎತ್ತಿ “ಬೆಳಕೇ ಬಾ, ಭಯವೇ ಓಡು!” ಎಂದು ಗಿರ್ರನೆ ಒಂದು ಸುತ್ತು ಸುತ್ತಿದರೆ ಯೂನಿಫಾರಂ ಮಾಯ, ರಿಬ್ಬನ್ನು, ಮಿನುಗುವ ಫ್ರಾಕು, ಧೈರ್ಯ, ಎಲ್ಲ ಒಟ್ಟಿಗೆ ಬಂದುಬಿಡುತ್ತದೆ. ಇಂಥದ್ದೇ ಒಂದು ಕಾರ್ಟೂನನ್ನು ನಾನೂ ಚಿಕ್ಕಂದಿನಲ್ಲಿ ಎದುರುಮನೆಯ ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದೆ. ಕೈಯಲ್ಲಿ ಕಂಡಿಕೆ ಸುತ್ತುತ್ತಿತ್ತು, ಕಣ್ಣಿನಲ್ಲಿ ಆ ಹುಡುಗಿ ಸುತ್ತುತ್ತಿದ್ದಳು. ನನಗೂ ಅಂಥದೊಂದು ಸುತ್ತು ಸಿಕ್ಕರೆ ಎಂದುಕೊಳ್ಳುತ್ತಿದ್ದೆ. ಸಿಕ್ಕಿದ್ದು ಬಿ.ಎಸ್ಸಿ. ಇರಲಿ, ಅದೂ ಕಡಿಮೆಯಲ್ಲ. ಸುತ್ತಿಸಿದ್ದು ಮಾತ್ರ ಸ್ವಲ್ಪ ಜಾಸ್ತಿ.

ಈಗ ಸಂಜೆಯಾದರೆ ಮನೆಯಲ್ಲಿ ಎಲ್ಲರಿಗೂ ಅದೇ ಬೇಕು. ವರ್ಕ್‌ಶಾಪಿನಲ್ಲಿ ಲೇತ್ ಓಡಿಸುವ ನನ್ನ ಗಂಡ ರಿಮೋಟ್ ಹುಡುಕುವ ನೆಪದಲ್ಲಿ ಬಂದು ಕೂರುತ್ತಾರೆ. ಕಾರ್ಟೂನು ಮುಗಿಯುವವರೆಗೂ ರಿಮೋಟ್ ಸಿಗುವುದಿಲ್ಲ. ಹುಡುಗಿಯ ಜೊತೆಗಾರ ಅಳಿಲಿಗೆ ಪೆಟ್ಟಾದ ದಿನ ಕಣ್ಣಿಗೆ ಕಬ್ಬಿಣದ ಪುಡಿ ಬಿದ್ದಿದೆ ಎಂದರು. ಎರಡೂ ಕಣ್ಣಿಗೆ!

ನಮ್ಮಲ್ಲಿಗೆ ಬಂದಿದ್ದ ರಂಗತ್ತೆಯೂ ನೋಡಿದಳು. ಅವಳಿಗೆ ಒಂದೇ ಸಂಶಯ. ನಿಲಾಳನ್ನೇ ಮುದ್ದಿನಿಂದ ಕರೆದು ಕೇಳಿದಳು.

“ಅಲ್ಲ ಅಮ್ಮಿಣಿ, ಈ ಹುಡುಗಿ ಇಷ್ಟೊತ್ತು ಸಿಂಗಾರ ಮಾಡ್ಕೊಳ್ಳೋ ತನ್ಕ ಆ ರಾಕ್ಷಸ ಯಾಕೆ ಸುಮ್ನೆ ನಿಂತಿದ್ದಾನೆ? ಒಂದು ಏಟು ಕೊಟ್ಟು ಹೋಗ್ಬಾರ್ದಾ?”

“ಅಜ್ಜಿ, ರಾಕ್ಷಸ ಸುಮ್ನೆ ನಿಂತಿರ್ಬೇಕು. ಅವಳು ಮಾಯಾ ಹುಡುಗಿ ಆಗೋ ತನ್ಕ ಕಾಯ್ಬೇಕು. ಅದು ರೂಲ್ಸು!”

“ನಲ್ಲ ರಾಕ್ಷಸ, ಒಳ್ಳೇವ್ನು” ಎಂದು ಅತ್ತೆ ಮೆಚ್ಚಿಕೊಂಡಳು. ಆಗುವುದಿಲ್ಲ ಎಂದವಳೇ ಮುಂದಿನ ವಾರ ಬಾರ್ಡರ್ ತಪ್ಪಿತೆಂದು ಅಂಗಡಿಯವರು ವಾಪಸ್ ಕಳಿಸಿದ್ದ ಗುಲಾಬಿ ರೇಷ್ಮೆ ಸೀರೆಯನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಜೊತೆಗೆ ಮಂತ್ರದ ಕೋಲಿಗೆಂದು ಮಗ್ಗದ ಹಳೆಯ ಲಾಳಿ.

ಇನ್ನು ನನ್ನ ವಿಜ್ಞಾನ ಜಾಗೃತವಾಯಿತು. ಸುಮ್ಮನೆ ಫ್ರಾಕ್ ಹಾಕಿ ನಿಲ್ಲಿಸಿದರೆ ಅದೇನು ಮಾಯೆ? ಜನರ ಕಣ್ಣೆದುರೇ ಬದಲಾಗಬೇಕು! ಆ ಸೀರೆಯಿಂದ ಹೊಲಿದ ಫ್ರಾಕಿನ ಮೇಲೆ ಹಳೆಯ ಯೂನಿಫಾರಂ. ಅದನ್ನು ಬೆನ್ನಿನಲ್ಲಿ ಮೇಲಿನಿಂದ ಕೆಳಗೆ ಸೀಳಿ, ಕುತ್ತಿಗೆಯ ಹಿಂದೆ ಒಂದೇ ರಿಬ್ಬನ್ನಿನಿಂದ ಕಟ್ಟುವುದು. ಮಗು ಸುತ್ತುತ್ತಾ ರಿಬ್ಬನ್ನಿನ ತುದಿ ಎಳೆದರೆ ಗಂಟು ಬಿಚ್ಚಿ, ಯೂನಿಫಾರಂ ಹಾರಿಹೋಗಬೇಕು. ಕೇಂದ್ರಾಪಗಾಮಿ ಬಲ ಎಂದು ಗಂಡನಿಗೆ ವಿವರಿಸಿದೆ.

“ಶೂ ಲೇಸ್ ಹಾಗೆ ಕಟ್ಟಿದ್ರೆ ಬಿಚ್ಕೊಳ್ತದೆ ಅಂತ ತಾನೆ?” ಎಂದರು.

“ಓದಿದವರು ಹಾಗೆ ಹೇಳೋದಿಲ್ಲಂಗ!” ಎಂದೆ. ‘ರೀ’ ಎನ್ನಬೇಕಾದಲ್ಲಿ ನಮ್ಮ ಕಡೆ ‘ಅಂಗ’.

ಅವರು ಶೂ ಲೇಸಿನ ಹಾಗೆಯೇ ಕಟ್ಟಿದರು. ಮಗಳು ಸುತ್ತಿದಳು. ಯೂನಿಫಾರಂ ಹಾರಿ ಫ್ಯಾನಿನ ಮೇಲೆ ಬಿತ್ತು. “ಬೆಳಕೇ ಬಾ, ಭಯವೇ ಓಡು!” ಎಂಬ ಕೂಗು ಬೀದಿಯ ಕೊನೆಯವರೆಗೆ ಕೇಳಿಸಿತು. ನಾನು ಮನಸ್ಸಿನಲ್ಲೇ ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿದೆ.

ಸ್ಪರ್ಧೆಯ ದಿನ ಗಂಡನಿಗೆ ಬೆಳಗಿನ ಶಿಫ್ಟು. ಆದರೇನು, ಗಂಟು ಹಾಕುವುದು ಒಂದು ವಿದ್ಯೆಯೇ? ವೇದಿಕೆಯ ಪಕ್ಕದಲ್ಲಿ ನಿಂತಿದ್ದೆವು. ಮಗಳು ನನ್ನ ಕೈ ಬಿಡಲಿಲ್ಲ. “ಅಮ್ಮ, ಬೇಡ” ಎಂದು ಪಿಸುಗುಟ್ಟಿದಳು. “ಸುತ್ತು ಸುತ್ತಿದ ಮೇಲೆ ಎಲ್ಲ ಸರಿಹೋಗ್ತದೆ ನನ್ನ ಕಣ್ಣೇ” ಎನ್ನುವಷ್ಟರಲ್ಲಿ ಅವಳ ಹೆಸರು ಕರೆದೇಬಿಟ್ಟರು. ಅವಸರದಲ್ಲಿ ರಿಬ್ಬನ್ನಿನ ಎರಡೂ ತುದಿ ಹಿಡಿದೆ. ನನ್ನ ಬೆರಳುಗಳು ನನ್ನನ್ನು ಕೇಳದೆ ತಮ್ಮ ಕೆಲಸ ಮುಗಿಸಿದವು.

ಮಗಳು ವೇದಿಕೆ ಹತ್ತಿದ ಮೇಲೆ ಗೊತ್ತಾಯಿತು, ನಾನು ಹಾಕಿದ್ದು ಯಾವ ಗಂಟು ಎಂದು.

ನಾನು ಹುಟ್ಟಿದ್ದು ಮಗ್ಗದ ಮನೆಯಲ್ಲಿ. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆ ತುಂಡಾದರೆ ಕೂಡಿಸುವ ನೇಕಾರರ ಗಂಟೊಂದಿದೆ. ಅಕ್ಷರ ಕಲಿಯುವ ಮೊದಲೇ ನಮ್ಮ ಮಕ್ಕಳು ಅದನ್ನು ಕಲಿಯುತ್ತಾರೆ. ಎಳೆದಷ್ಟೂ ಬಿಗಿಯಾಗುತ್ತದೆ, ಸೀರೆ ಹರಿದರೂ ಅದು ಬಿಚ್ಚುವುದಿಲ್ಲ. ನನ್ನ ಬೆರಳಿಗೆ ಗೊತ್ತಿರುವುದು ಅದೊಂದೇ ಗಂಟು!

ನಿಲಾ ಲಾಳಿ ಎತ್ತಿ ಸುತ್ತಿದಳು. ರಿಬ್ಬನ್ ಎಳೆದಳು. ಬಿಗಿಯಾಯಿತು. ಇನ್ನೊಂದು ಸುತ್ತು. ಇನ್ನೂ ಬಿಗಿ. ಸಭೆಯಲ್ಲಿ ಕಿಸಕ್ಕೆಂದು ಒಂದು ನಗು. ಅವಳು ಸುತ್ತುವುದನ್ನು ನಿಲ್ಲಿಸಿದಳು. ಬೆಂಡೆಕಾಯಿಯ ಮುಖ ಮತ್ತೆ ಬಂದಿತ್ತು.

ನನಗೆ ತಡೆಯಲಾಗಲಿಲ್ಲ. ವೇದಿಕೆಗೆ ನುಗ್ಗಿದೆ. ಗಂಟು ಬೆರಳಿಗೆ ಜಗ್ಗಲಿಲ್ಲ. ಹಲ್ಲು ಹಚ್ಚಿದೆ. ಅಷ್ಟರಲ್ಲಿ ರಿಬ್ಬನ್ನಿನ ತುದಿ ನನ್ನ ಜಡೆಯ ಕ್ಲಿಪ್ಪಿಗೆ ಸಿಕ್ಕಿಕೊಂಡಿತು. ತಲೆ ಎತ್ತಲು ಹೋದರೆ ಜಡೆ ಬಿಚ್ಚಿ ಕೂದಲೆಲ್ಲ ಮುಖದ ಮೇಲೆ ಬಂತು. ಕೂದಲು ಕೆದರಿದ ಹೆಂಗಸೊಬ್ಬಳು ಮಗುವಿನ ಕುತ್ತಿಗೆಗೆ ಹಲ್ಲು ಹಚ್ಚಿದ್ದಾಳೆ! ಮುಂದಿನ ಸಾಲಿನ ಎಲ್.ಕೆ.ಜಿ. ಮಕ್ಕಳು ಕಿಟಾರನೆ ಕಿರುಚಿದವು.

“ಅಮ್ಮ!”

ಮೈಕಿನಲ್ಲಿ ಬಂದ ಧ್ವನಿ. ಶಾಲೆಯಲ್ಲಿ ಯಾರೂ ಕೇಳಿರದ ಧ್ವನಿ.

“ಬುಡಮ್ಮ! ನೀ ಸುಮ್ನೆ ನಿಂತ್ಕೋ! ರಾಕ್ಷಸ ಸುಮ್ನೆ ನಿಂತಿರ್ಬೇಕು!”

ಕಲಿಸಿದ್ದು ತಮಿಳು, ಬಂದದ್ದು ಮನೆಯ ಕನ್ನಡ. ಆ ಸಭೆಯಲ್ಲಿ ಅದು ಅರ್ಥವಾದದ್ದು ನನಗೆ ಮತ್ತು ಮೊದಲ ಸಾಲಿನಲ್ಲಿ ಕೂತಿದ್ದ ರಂಗತ್ತೆಗೆ ಮಾತ್ರ. ನಾನು ಕ್ಲಿಪ್ಪನ್ನು ಕಿತ್ತು ದೂರ ಸರಿದು ಸುಮ್ಮನೆ ನಿಂತೆ.

ನಿಲಾ ರಿಬ್ಬನ್ನನ್ನು ಮುಟ್ಟಲೇ ಇಲ್ಲ. ದಿನವೂ ಸಂಜೆ ಮನೆಗೆ ಬಂದ ಕೂಡಲೇ ಮಾಡುವ ಹಾಗೆ ಯೂನಿಫಾರಂ ಅನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲಿಂದ ಎಳೆದು ಬಿಸಾಡಿದಳು. ಅಷ್ಟೇ! ಅದಕ್ಕೆ ಸೀಳುವುದು ಬೇಕಿರಲಿಲ್ಲ, ರಿಬ್ಬನ್ ಬೇಕಿರಲಿಲ್ಲ, ಕೇಂದ್ರಾಪಗಾಮಿ ಬಲ ಅಂತೂ ಬೇಕೇ ಇರಲಿಲ್ಲ. ಯೂನಿಫಾರಂ ಬಂದು ಈ ಬಿ.ಎಸ್ಸಿ. ತಲೆಯ ಮೇಲೆ ಬಿತ್ತು. ಅದರ ಸೀಳಿನ ಸಂದಿಯಿಂದ ನೋಡಿದೆ. ದೀಪದ ಬೆಳಕಿಗೆ ಗುಲಾಬಿ ರೇಷ್ಮೆ ಝಗ್ಗೆಂದಿತು. ಮಗಳು ಲಾಳಿ ಎತ್ತಿ ಗಂಟಲು ಬಿರಿಯುವಂತೆ ಕೂಗಿದಳು, ಈ ಸಲ ತಮಿಳಿನಲ್ಲಿ. ಲಾಳಿಯಿಂದ ನನ್ನ ಹೊಟ್ಟೆಗೆ ಮೆಲ್ಲಗೆ ಒಂದು ತಿವಿತ. ನಾನು ಬಿದ್ದು ಸತ್ತೆ. ಚಪ್ಪಾಳೆಯೋ ಚಪ್ಪಾಳೆ!

ಒಬ್ಬರ ಸ್ಪರ್ಧೆಯಲ್ಲಿ ಇಬ್ಬರು ಕಾಣಿಸಿಕೊಂಡದ್ದರಿಂದ ಬಹುಮಾನ ಕೊಡುವ ಹಾಗಿಲ್ಲ ಎಂದು ಟೀಚರ್ ಬಂದು ಹೇಳಿದರು. ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. “ಅವಳ ಧ್ವನಿ ಇವತ್ತೇ ಕೇಳಿದ್ದು ಮೇಡಂ” ಎಂದರು. ಪಾಲ್ಗೊಂಡವರಿಗೆ ಕೊಡುವ ಸರ್ಟಿಫಿಕೇಟಿನಲ್ಲಿ ಇಬ್ಬರ ಹೆಸರನ್ನೂ ಬರೆಯುತ್ತೇನೆ ಎಂದು ಪೆನ್ನು ತೆಗೆದರು. ಹೆಸರಿನ ಮುಂದೆ ಡಿಗ್ರಿ ಹಾಕಿ ಎಂದು ನಾನು ಅಭ್ಯಾಸಬಲದಿಂದ ಹೇಳಿಬಿಟ್ಟೆ. ಹಾಕಿದರು. ‘ಮಾಯಾ ಹುಡುಗಿ: ನಿಲಾ. ರಾಕ್ಷಸಿ: ಸುಮತಿ, ಬಿ.ಎಸ್ಸಿ.’

ನಿಲಾ ಅದನ್ನು ಇಸಿದುಕೊಂಡು ಓಡಿಹೋಗಿ ರಂಗತ್ತೆಯ ಕೈಗೆ ಕೊಟ್ಟು, ಎರಡೂ ಸಾಲನ್ನು ಗಟ್ಟಿಯಾಗಿ ಓದಿ ಹೇಳಿದಳು. ಅತ್ತೆ ಕಾಗದವನ್ನು ಸೆರಗಿನಿಂದ ಒರೆಸಿ, ನನ್ನ ಕೆದರಿದ ತಲೆಯನ್ನು ನೋಡಿದಳು.

“ಅಷ್ಟೆಲ್ಲ ಓದಿ ಇವತ್ತು ಒಂದು ಕೆಲಸ ಸರಿಯಾಗಿ ಮಾಡ್ದೆ ಸುಮತಿ. ಮಗು ಹೇಳ್ದ ಹಾಗೆ ಸುಮ್ನೆ ನಿಂತೆ.”