ಹೆಂಡತಿಯ ಮಾತ್ರೆ, ನನ್ನ ಹೊಟ್ಟೆ

ಹಾರ್ಮೋನಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ರಾಜಘಟ್ಟದ ಪಕ್ಕದ ತೋಟದಲ್ಲಿ ದಿಲ್‌ಖುಷ್ ದ್ರಾಕ್ಷಿ ಬೆಳೆಯುವವನು ನಾನು. ಎಳೆಯ ಗೊಂಚಲನ್ನು ಹಾರ್ಮೋನು ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದರೆ ಕಾಯಿ ಉದ್ದವಾಗಿ, ದಪ್ಪವಾಗಿ ಬರುತ್ತದೆ. ಇಷ್ಟು ತಿಳಿದವನಿಗೆ ಮನುಷ್ಯನ ದೇಹ ಯಾವ ಮಹಾ!

ಆದ್ದರಿಂದ ನನ್ನ ಹೆಂಡತಿ ಜಯಮ್ಮನಿಗೆ ಥೈರಾಯ್ಡ್ ಎಂದು ದೊಡ್ಡಬಳ್ಳಾಪುರದ ಡಾಕ್ಟರು ಹೇಳಿದಾಗ, ಎಲ್ಲ ಬಲ್ಲವನಂತೆ ತಲೆಯಾಡಿಸಿದೆ. ಕತ್ತಿನಲ್ಲಿರುವ ಗ್ರಂಥಿ ಸಾಕಷ್ಟು ಹಾರ್ಮೋನು ಬಿಡುತ್ತಿಲ್ಲ, ಅದಕ್ಕೇ ಸುಸ್ತು, ಅದಕ್ಕೇ ಮೈ ಊದಿದೆ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಎಂದರು. ಕೆಲವು ತಿಂಗಳಲ್ಲಿ ಜಯಮ್ಮ ಇಳಿದಳು, ಚುರುಕಾದಳು. ನನ್ನನ್ನು ಬೈಯುವ ವೇಗವೂ ಹೆಚ್ಚಿತು.

ಅಷ್ಟರಲ್ಲಿ ಮಗಳು ರೂಪಾಳನ್ನು ನೋಡಲು ಹೊಸಕೋಟೆ ಕಡೆಯ ಗಂಡಿನವರು ಬರುತ್ತೇವೆಂದರು. ಒಳ್ಳೆಯ ಸಂಬಂಧ. ಫೋಟೋ ನೋಡಿಯೇ ರೂಪಾಳಿಗೆ ಹುಡುಗ ಒಪ್ಪಿಗೆಯಾಗಿದ್ದ. ಆದರೆ ನನ್ನ ರೇಷ್ಮೆ ಅಂಗಿಯ ಗುಂಡಿಗೆ ನನ್ನ ಹೊಟ್ಟೆ ಒಪ್ಪಿಗೆಯಾಗಲಿಲ್ಲ! ಜಯಮ್ಮನನ್ನು ಇಳಿಸಿದ ಮಾತ್ರೆ ನನ್ನನ್ನು ಇಳಿಸದೇ? ದಿನಾ ಬೆಳಿಗ್ಗೆ ಅವಳು ಹಾಲು ಕರೆಯಲು ಹೋದಾಗ ಡಬ್ಬಿಗೆ ಕೈ ಹಾಕಿದೆ. ಅವಳಿಗೆ ಒಂದಾದರೆ, ಹೊಟ್ಟೆಯ ಗಾತ್ರಕ್ಕೆ ಅನುಗುಣವಾಗಿ ನನಗೆ ಮೂರು.

ಗಂಡಿನವರು ಬರುವ ಹೊತ್ತಿಗೆ ಹೊಟ್ಟೆ ಇದ್ದಲ್ಲೇ ಇತ್ತು. ಎದೆ ಮಾತ್ರ ಪಂಪ್‌ಸೆಟ್ಟಿನಂತೆ ಬಡಿದುಕೊಳ್ಳುತ್ತಿತ್ತು. ನಿದ್ದೆಗೆಟ್ಟು ಕಣ್ಣು ಕೆಂಪು, ಮೈಯೆಲ್ಲ ಬೆವರು, ಕೈ ಗಡಗಡ. ಹುಡುಗನ ತಾಯಿಗೆ ಕಾಫಿ ಕೊಡಲು ಹೋದೆ. ಕಾಫಿ ಲೋಟದಿಂದ ತಟ್ಟೆಗೆ, ತಟ್ಟೆಯಿಂದ ಅವರ ಸೀರೆಗೆ ಪ್ರಯಾಣ ಬೆಳೆಸಿತು!

"ಅಣ್ಣನಿಗೆ ಹುಷಾರಿಲ್ವಾ?" ಎಂದರು ಆಕೆ.

"ಅಯ್ಯೋ, ಚೆನ್ನಾಗಿದೀನಿ ಕಣಮ್ಮ! ದಿನಾ ಬೆಳಿಗ್ಗೆ ಎದ್ದ ತಕ್ಷಣ ಮೂರು..." ಎನ್ನುವಾಗ ಅಡುಗೆಮನೆ ಬಾಗಿಲಲ್ಲಿ ಜಯಮ್ಮ ಕಂಡಳು. 'ಮಾತ್ರೆ' ಎಂಬ ಪದವನ್ನು ಗಬಕ್ಕನೆ ನುಂಗಿಕೊಂಡೆ. "...ಮೂರು ಹಾಕ್ಕೊಳ್ತೀನಿ!"

ನಮ್ಮ ಕಡೆ 'ಹಾಕ್ಕೊಳ್ತೀನಿ' ಎಂದರೆ ಏನರ್ಥ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆಕೆ ಲೋಟ ಕೆಳಗಿಟ್ಟರು. ಸಂಜೆ ಫೋನು ಬಂತು. "ಹುಡುಗಿ ಚಿನ್ನದಂಥೋಳು. ಆದ್ರೆ ಬೆಳಿಗ್ಗೆನೇ ಕುಡಿಯೋರ ಮನೆ ಸಂಬಂಧ ನಮಗೆ ಬ್ಯಾಡ."

ರೂಪಾ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಜಯಮ್ಮನ ಮುಂದೆ ಎಲ್ಲ ಒಪ್ಪಿಕೊಂಡೆ. ಮರುದಿನ ಅವಳು ನನ್ನನ್ನು ಡಾಕ್ಟರ ಮುಂದೆ ತಂದು ನಿಲ್ಲಿಸಿದಳು.

"ಮಿದುಳಿನ ಕೆಳಗೆ ಪಿಟ್ಯುಟರಿ ಅಂತ ಪುಟ್ಟ ಗ್ರಂಥಿ ಇದೆ," ಎಂದರು ಡಾಕ್ಟರು. "ರಕ್ತದಲ್ಲಿ ಹಾರ್ಮೋನು ಕಮ್ಮಿಯಾದ್ರೆ, ಕೆಲಸ ಮಾಡು ಅಂತ ಅದು ಥೈರಾಯ್ಡಿಗೆ ಹೇಳಿ ಕಳಿಸುತ್ತೆ. ನೀವು ಹೊರಗಿಂದ ತಂದು ತುಂಬಿದ್ರಿ. ಅದು ಹೇಳೋದು ಬಿಡ್ತು, ಥೈರಾಯ್ಡು ಮಾಡೋದು ಬಿಡ್ತು. ಹೀಗೇ ನುಂಗ್ತಿದ್ರೆ ಹೃದಯಕ್ಕೇ ಅಪಾಯ ಯಜಮಾನ್ರೇ!"

"ಥೇಟ್ ಇವರ ಥರಾನೇ ಡಾಕ್ಟ್ರೇ," ಎಂದಳು ಜಯಮ್ಮ. "ಬೇರೆಯೋರು ಮಾಡ್ತಾರೆ ಅಂದ್ರೆ ಸಾಕು, ಮಲಗ್ಬಿಡ್ತಾರೆ."

ಮನೆಗೆ ಬಂದವಳೇ ಫೋನನ್ನು ನನ್ನ ಕೈಗಿಟ್ಟಳು. "ನೀವೇ ಹೇಳ್ರೀ." ಕುಡುಕನಾಗಿ ಉಳಿಯುವುದೋ, ಹೆಂಡತಿಯ ಮಾತ್ರೆ ಕದ್ದ ದಡ್ಡನಾಗುವುದೋ? ರೂಪಾಳ ಊದಿದ ಕಣ್ಣು ನೋಡಿದೆ. ಒಂದೇ ಉಸಿರಿಗೆ ಹೇಳಿಬಿಟ್ಟೆ.

ಆ ಕಡೆಯಿಂದ ಹುಡುಗನ ತಾಯಿಯ ಜೋರು ನಗು.

"ಅಯ್ಯೋ, ಹಂಗಾದ್ರೆ ಕುಡಿಯಲ್ವಾ ಅಣ್ಣ! ಬರೀ ದಡ್ಡತನ ಆದ್ರೆ ಪರವಾಗಿಲ್ಲ ಬಿಡಿ. ಅದು ನಮ್ಮನೆಯೋರಿಗೂ ಐತೆ!"

ಹೀಗೆ ಗುರುಹಿರಿಯರ ಸಮ್ಮುಖದಲ್ಲಿ ನನ್ನ ಮಗಳ ಮದುವೆ ನಿಶ್ಚಯವಾಯಿತು. ನಾನು ದಡ್ಡನೆಂಬುದು ಅದಕ್ಕೂ ಮೊದಲೇ ನಿಶ್ಚಯವಾಗಿತ್ತು, ಉಭಯ ಕುಟುಂಬಗಳ ಸಂಪೂರ್ಣ ಒಪ್ಪಿಗೆಯೊಂದಿಗೆ!