ಮಹಾರಾಜನ ಮೂರನೇ ಮದುವೆಯ ಅಂಗಿ

ದರ್ಜಿಯಾದವನು ಸಿನಿಮಾ ನೋಡುವುದಕ್ಕೆ ಲಾಯಕ್ಕಲ್ಲ. ನಾಯಕಿ ಬಿಕ್ಕಿ ಬಿಕ್ಕಿ ಅಳುತ್ತಿದ್ದರೆ ನನ್ನ ಕಣ್ಣು ಅವಳ ರವಿಕೆಯ ತೋಳು ಸುಕ್ಕಾಗಿರುವುದರ ಮೇಲೆ. ಖಳನಾಯಕನಿಗೆ ಗುಂಡು ತಗುಲಿದರೆ ಒಳ್ಳೆಯ ಕೋಟು ತೂತಾಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ. ಇಂಥ ನಾನು ಮೊನ್ನೆ ತುಮಕೂರಿನ ಥಿಯೇಟರಿನಲ್ಲಿ ರೆಪ್ಪೆ ಬಡಿಯದೆ ಕೂತಿದ್ದೆ. ತೆರೆಯ ಮೇಲೆ ಆಳೆತ್ತರಕ್ಕಿಂತ ನಾಲ್ಕು ಪಟ್ಟು ದೊಡ್ಡವನಾಗಿ ನಿಂತಿದ್ದ ಮಹಾರಾಜ ತೊಟ್ಟ ಅಂಗಿಯನ್ನು ಹೊಲಿದವನು ನಾನು.

ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ ಚಿತ್ರೀಕರಣ ನಡೆದಾಗ ಬರಬೇಕಿದ್ದ ಉಡುಪು ಬರಲಿಲ್ಲವೆಂದು ಸಿನಿಮಾದವರು ನನ್ನ ಅಂಗಡಿ ಹುಡುಕಿಕೊಂಡು ಬಂದಿದ್ದರು. ರಾಜನಿಗೆ ಮೂರು ಮದುವೆ. ಮೊದಲನೆಯದು ಅಪ್ಪನ ಮಾತಿಗೆ, ಎರಡನೆಯದು ಯುದ್ಧ ನಿಲ್ಲಿಸಲು, ಮೂರನೆಯದು ಮನಸಾರೆ ಮೆಚ್ಚಿ. ಮೂರಕ್ಕೂ ಬೇರೆ ಬೇರೆ ಜರಿಯ ನಿಲುವಂಗಿ, ನಾಲ್ಕೇ ದಿನದಲ್ಲಿ. ಹೊಲಿದು ಕೊಟ್ಟೆ. ಗುಬ್ಬಿ, ಕುಣಿಗಲ್ ಕಡೆಯ ಮದುವೆ ಗಂಡುಗಳೆಲ್ಲ ಬರುವುದು ನನ್ನಲ್ಲಿಗೇ. ಆದರೆ ನನ್ನ ಹೆಂಡತಿ ನಸೀಮಾ ಮಾತ್ರ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನ ಹೊಲಿಗೆಯನ್ನು ಚೆನ್ನಾಗಿದೆ ಎಂದವಳಲ್ಲ. ಆ ಒಂದು ಮಾತು ಅವಳ ಬಾಯಿಂದ ಬರಲಿ ಎಂದೇ ಅವಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದೆ.

ಮೊದಲ ಎರಡು ಮದುವೆ ಮುಗಿದವು. ಆನೆ, ಕುದುರೆ, ಪಂಜು, ನಗಾರಿ. ಅಷ್ಟರ ನಡುವೆ ನನ್ನ ಜರಿ ಅಂಚು ಮಿಂಚುತ್ತಿತ್ತು. ನನ್ನ ಹಳೇ ಮಿಷನ್ನಿನಲ್ಲಿ ಹುಟ್ಟಿದ ಬಟ್ಟೆಯೇ ಇದು ಎಂದು ನಂಬಲಾಗಲಿಲ್ಲ. ಓರೆಗಣ್ಣಿನಿಂದ ನಸೀಮಾಳ ಮುಖ ನೋಡಿದೆ. ಮೂರನೇ ಮದುವೆ ಬಂತು. ಪುರೋಹಿತರು ಮಂತ್ರ ಹೇಳುತ್ತಿದ್ದಾರೆ, ರಾಣಿ ನಾಚಿ ತಲೆ ತಗ್ಗಿಸಿದ್ದಾಳೆ. ಆಗ ಮಹಾರಾಜನ ಬಲಗೈ ಮೆಲ್ಲಗೆ ಕೆಳಗಿಳಿದು ಅಂಗಿಯೊಳಗೆ ಮಾಯವಾಯಿತು. ಗುಬ್ಬಿ ಬಸ್ಸಿಗೆ ಕಾಯುವವನ ಹಾಗೆ ರಾಜ ನಿರಾಳವಾಗಿ ನಿಂತ.

ನನ್ನ ಜೀವವೇ ಹಾರಿತು. ಮದುವೆ ಗಂಡಿಗೆ ಮುಯ್ಯಿ ಕವರು ಇಟ್ಟುಕೊಳ್ಳಲು ಪಕ್ಕದ ಹೊಲಿಗೆಯಲ್ಲಿ ಕಾಣದ ಹಾಗೆ ಒಂದು ಜೇಬು ಇಡುವುದು ನಮ್ಮ ಅಂಗಡಿಯ ಪದ್ಧತಿ. ಅವಸರದಲ್ಲಿ ಕೈ ತನ್ನ ಪಾಡಿಗೆ ತಾನು ರಾಜನಿಗೂ ಇಟ್ಟುಬಿಟ್ಟಿತ್ತು. ರಾಜರ ಕಾಲದ ಅಂಗಿಗೆ ಜೇಬೇ ಎಂದು ಯಾರಾದರೂ ನಗುತ್ತಾರೆಂದು ಕಿವಿ ಮುಚ್ಚಿಕೊಂಡೆ. ಯಾರೂ ನಗಲಿಲ್ಲ. ಹಿಂದಿನ ಸಾಲಿನವರು ರಾಜನ ಗತ್ತು ನೋಡು ಎಂದು ಶಿಳ್ಳೆ ಹೊಡೆದರು. ನಸೀಮಾ ನನ್ನ ಕಡೆ ತಿರುಗಿದಳು. ಮನೆಯಲ್ಲಿ ಉರ್ದುವಿನಲ್ಲೇ ಮಾತಾಡುವವಳು, ಅಕ್ಕಪಕ್ಕದವರಿಗೂ ತಿಳಿಯಲಿ ಎಂದೋ ಏನೋ, ಕನ್ನಡದಲ್ಲೇ ಶುರುಮಾಡಿದಳು.

"ಹೊಲಿಗೆ ಚೆನ್ನಾಗಿದೆ ಕಣ್ರೀ" ಎಂದಳು. ನಾನು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟೆ. "ರಾಜ್ರು ಬಾಯ್ಬಿಟ್ಟು ಕೇಳ್ದೆ ಇದ್ರೂ ಜೇಬು ಇಟ್ಟಿದೀರ. ನನ್ ಚೂಡಿದಾರಕ್ಕೊಂದು ಜೇಬು ಇಡಿ ಅಂತ ನಾನು ಮದ್ವೆ ಆದಾಗಿಂದ ಕೇಳ್ತಾನೇ ಇದೀನಿ."

ಪಕ್ಕದ ಹೆಂಗಸರು ನನ್ನನ್ನೇ ನೋಡತೊಡಗಿದರು. ಮೂರು ಮದುವೆಯಾದ ಮಹಾರಾಜ ಜೇಬಿನಲ್ಲಿ ಕೈಯಿಟ್ಟುಕೊಂಡು ಹಾಯಾಗಿ ನಿಂತಿದ್ದ. ಒಂದೇ ಮದುವೆಯಾದ ನನಗೆ ನನ್ನ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.